ಇದನ್ನೆಲ್ಲ ನೋಡಿದರೆ ಗಣಿತ ಬರುತ್ತದೆಯೇ?

ಶಾಲೆಗಳ ವಿಜ್ಞಾನ ಮೇಳಗಳಲ್ಲಿ ಗಣಿತದ ಮೇಜಿನ ಹಿಂದೆ ನಿಲ್ಲುವವಳು ನಾನು. ಪ್ಲೈವುಡ್ ತುಂಡುಗಳು, ಮರದ ಜಾರುದಾರಿಗಳು, ಒಂದಿಷ್ಟು ಗೋಲಿಗಳು, ಇವೇ ನನ್ನ ಬಂಡವಾಳ. ಮಕ್ಕಳು ಮೇಜಿನ ಮೇಲೆ ಬಾಗಿ ಆಡುತ್ತಿರುವಾಗ ಹಿಂದೆ ನಿಂತ ಅಪ್ಪನೋ ಅಮ್ಮನೋ, ಕೆಲವೊಮ್ಮೆ ಶಾಲೆಯ ಮೇಷ್ಟರೇ, ಪಕ್ಕಕ್ಕೆ ಬಂದು ಕೇಳುತ್ತಾರೆ: ‘ಮೇಡಂ, ಇದನ್ನೆಲ್ಲ ನೋಡಿದರೆ ಮಗುವಿಗೆ ಗಣಿತ ಬರುತ್ತದೆಯೇ?’

ಬರುವುದಿಲ್ಲ. ಹೀಗೇ ಹೇಳುತ್ತೇನೆ, ಕೇಳಿದವರ ಮುಖ ಸಪ್ಪಗಾಗುತ್ತದೆ. ಗಣಿತ ಬರಬೇಕಾದರೆ ಕೂತು ಲೆಕ್ಕ ಮಾಡಬೇಕು, ತಪ್ಪಬೇಕು, ಹೊಡೆದುಹಾಕಿ ಮತ್ತೆ ಮಾಡಬೇಕು. ‘ಆಡುತ್ತಾ ಗಣಿತ ಕಲಿಯಿರಿ’ ಎಂಬ ಬ್ಯಾನರ್ ಕಂಡಾಗಲೆಲ್ಲ ನನಗೆ ಇರಿಸುಮುರಿಸು. ಒಳ್ಳೆಯ ಮಾದರಿಯಿಂದ ನಾನು ನಿರೀಕ್ಷಿಸುವುದು ಇಷ್ಟೇ: ನೋಡಿದವರಿಗೆ ತಮ್ಮ ಕಣ್ಣಿನ ಮೇಲೆಯೇ ಸ್ವಲ್ಪ ಅನುಮಾನ ಬರಬೇಕು. ಪಠ್ಯಪುಸ್ತಕದಲ್ಲಿ ‘ಸಾಧನೆ’ ಎಂದು ಬರೆದು ಅರ್ಧ ಪುಟ ತುಂಬಿಸುತ್ತಾರಲ್ಲ, ಅದು ಯಾಕೆ ಬೇಕೆಂಬುದು ಆ ಅನುಮಾನ ಬಂದ ಮೇಲೆಯೇ ಹೊಳೆಯುವುದು.

ಪೈಥಾಗೊರಸ್ ಪ್ರಮೇಯವನ್ನೇ ತೆಗೆದುಕೊಳ್ಳಿ. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಗ್ರಂಥ ಬೌಧಾಯನ ಶುಲ್ಬಸೂತ್ರದಲ್ಲೂ ಇರುವ ಸಂಗತಿ ಅದು. ವಿಜ್ಞಾನ ವಸ್ತುಸಂಗ್ರಹಾಲಯಗಳಲ್ಲಿ ಇದರ ನೀರಿನ ಮಾದರಿಯನ್ನು ನೀವು ನೋಡಿರಬಹುದು. ಲಂಬಕೋನ ತ್ರಿಭುಜದ ಮೂರು ಬಾಹುಗಳ ಮೇಲೆ ಮೂರು ಚೌಕದ ಪೆಟ್ಟಿಗೆಗಳು, ಒಳಗೆ ಬಣ್ಣದ ನೀರು. ತಿರುಗಿಸಿದರೆ ಎರಡು ಸಣ್ಣ ಪೆಟ್ಟಿಗೆಗಳ ನೀರು ಇಳಿದು ದೊಡ್ಡದು ತುಂಬುತ್ತದೆ. ಎಲ್ಲರೂ ‘ಓಹೋ’ ಎನ್ನುತ್ತಾರೆ, ಮುಂದಿನ ಮಾದರಿಗೆ ಹೋಗುತ್ತಾರೆ. ಆ ಪೆಟ್ಟಿಗೆಯನ್ನು ತಯಾರಿಸಿದವರು ಶೇಕಡ ಒಂದರಷ್ಟು ಮೋಸ ಮಾಡಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ನೀರು ತುಂಬಿತು, ಸರಿ. ಯಾಕೆ ತುಂಬಿತು?

ಅದೇ ಪ್ರಮೇಯಕ್ಕೆ ನನ್ನ ಮೇಜಿನ ಮೇಲೆ ಒಂದು ಮರದ ಚೌಕಟ್ಟು ಮತ್ತು ನಾಲ್ಕು ಒಂದೇ ಅಳತೆಯ ಲಂಬಕೋನ ತ್ರಿಭುಜಗಳಿವೆ. ಬಾಹುಗಳು 3, 4, 5. ಚೌಕಟ್ಟಿನ ಒಳಬದಿ 7. ತ್ರಿಭುಜಗಳನ್ನು ನಾಲ್ಕು ಮೂಲೆಗೆ ತಳ್ಳಿದರೆ ನಡುವೆ ವಾರೆಯಾಗಿ ಒಂದು ಚೌಕದ ಖಾಲಿ ಜಾಗ ಉಳಿಯುತ್ತದೆ, ಅದರ ಬದಿ 5. ಎರಡೆರಡನ್ನು ಜೋಡಿಸಿ ಆಯತಗಳನ್ನಾಗಿ ಮಾಡಿ, ಒಂದನ್ನು ಉದ್ದಕ್ಕೆ ಇನ್ನೊಂದನ್ನು ಅಡ್ಡಕ್ಕೆ ಎದುರುಬದುರು ಮೂಲೆಗಿಟ್ಟರೆ ಎರಡು ಖಾಲಿ ಚೌಕಗಳು, ಬದಿ 3 ಮತ್ತು 4. ಚೌಕಟ್ಟು ಅದೇ, ತ್ರಿಭುಜಗಳು ಅವೇ. ಹಾಗಿದ್ದಮೇಲೆ ಉಳಿದ ಖಾಲಿ ಜಾಗ ಹೆಚ್ಚುಕಡಿಮೆಯಾಗಲು ದಾರಿಯೇ ಇಲ್ಲ. ಇಲ್ಲಿ ಅಳತೆಪಟ್ಟಿ ಬೇಕಾಗಲಿಲ್ಲ, ಮೂರು ನಾಲ್ಕು ಎಂಬ ಸಂಖ್ಯೆಗಳೂ ಬೇಕಾಗಲಿಲ್ಲ. ಒಮ್ಮೆ ಒಬ್ಬ ಹುಡುಗಿ, ‘ನಡುವೆ ಇರುವುದು ಚೌಕವೇ ಅಂತ ಹೇಗೆ ಗೊತ್ತು, ಸ್ವಲ್ಪ ಓರೆಯಾಗಿದ್ದರೆ?’ ಎಂದಳು. ತ್ರಿಭುಜದ ಎರಡು ಕಿರುಕೋನಗಳು ಸೇರಿ 90 ಡಿಗ್ರಿ, ಹಾಗಾಗಿ ಮಿಕ್ಕಿದ್ದೂ 90 ಎಂದು ಅವಳೇ ಕಂಡುಕೊಳ್ಳುವವರೆಗೆ ಕಾದೆ. ಇಡೀ ದಿನದ ಗಂಟಲು ನೋವು ಅಷ್ಟರಲ್ಲಿ ಮರೆತುಹೋಯಿತು.

ಆದರೆ ಅತ್ಯಂತ ಹೆಚ್ಚು ಜನ ಸೇರುವುದು ಸುಳ್ಳು ಹೇಳುವ ಮಾದರಿಯ ಮುಂದೆ. 8ಕ್ಕೆ 8ರ ಪ್ಲೈವುಡ್ ಚೌಕ, 64 ಮನೆಗಳು. ನಾಲ್ಕು ತುಂಡು: 3 ಮತ್ತು 8 ಬಾಹುಗಳ ಎರಡು ಲಂಬಕೋನ ತ್ರಿಭುಜ, 3 ಮತ್ತು 5 ಸಮಾಂತರ ಬದಿಗಳ, 5 ಎತ್ತರದ ಎರಡು ತ್ರಾಪಿಜ್ಯ. ಮತ್ತೆ ಜೋಡಿಸಿದರೆ 5ಕ್ಕೆ 13ರ ಆಯತ. ಎಣಿಸಿ, 65! ಒಂದು ಮನೆ ಎಲ್ಲಿಂದ ಬಂತು? ಮಕ್ಕಳು ಎಣಿಸುತ್ತಾರೆ, ಮತ್ತೆ ಎಣಿಸುತ್ತಾರೆ, ದೊಡ್ಡವರು ಕಡೆಗೆ ನನ್ನ ಕೈಚಳಕವನ್ನೇ ಅನುಮಾನಿಸುತ್ತಾರೆ. ಕರ್ಣದ ಉದ್ದಕ್ಕೂ ಮರದ ತುಂಡುಗಳು ಸೇರುವಲ್ಲಿ ಕೂದಲೆಳೆಯಂಥ ಸಂದಿ ಇರುತ್ತದೆ. ಒಂದು ಮನೆ ಎರಡು ಸೆಂಟಿಮೀಟರ್ ಇದ್ದರೆ ಆ ಸಂದಿಯ ಅಗಲ ಹೆಚ್ಚೆಂದರೆ ಎರಡು ಮಿಲಿಮೀಟರಿಗಿಂತ ತುಸು ಜಾಸ್ತಿ. ಗರಗಸದ ಕೆಲಸ ಸರಿಯಿಲ್ಲ ಎಂದುಕೊಂಡು ಯಾರೂ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ತ್ರಿಭುಜದ ಅಂಚು ಎಂಟಕ್ಕೆ ಮೂರರಂತೆ ಏರುತ್ತದೆ, ತ್ರಾಪಿಜ್ಯದ್ದು ಐದಕ್ಕೆ ಎರಡರಂತೆ. 0.375 ಮತ್ತು 0.4. ನೇರಗೆರೆ ಎಂದು ಕಂಡದ್ದು ನೇರವಾಗಿರಲೇ ಇಲ್ಲ. ಕಳ್ಳ ಮನೆ ಆ ಸಂದಿಯಲ್ಲಿ ಉದ್ದಕ್ಕೆ ಮಲಗಿದೆ.

ಇದನ್ನು ನೋಡಿದ ಮೇಲೆ ಮರದ ಚೌಕಟ್ಟಿನ ಹತ್ತಿರ ಹಿಂತಿರುಗಿ ಬರುವ ಮಕ್ಕಳಿದ್ದಾರೆ. ‘ಅಲ್ಲೂ ಹೀಗೇ ಸಂದಿ ಇದೆಯೋ ಏನೋ’ ಎಂದು. ಅವರಿಗಾಗಿಯೇ ನಾನು ಇಷ್ಟು ಸಾಮಾನು ಹೊತ್ತು ತಿರುಗುವುದು.

ಕಣ್ಣು ಸೋಲುವ ಇನ್ನೊಂದು ಜಾಗ ಗೋಲಿಗಳ ಪಂದ್ಯ. ಮೇಲಿನಿಂದ ಕೆಳಗಿನ ಒಂದು ಬಿಂದುವಿಗೆ ಯಾವ ದಾರಿಯಲ್ಲಿ ಗೋಲಿ ಬೇಗ ತಲುಪುತ್ತದೆ? ಹೆಚ್ಚಿನವರು ನೇರದಾರಿಗೆ ಪಂದ್ಯ ಕಟ್ಟುತ್ತಾರೆ, ಹತ್ತಿರದ್ದು ಅದೇ ತಾನೆ. ಗೆಲ್ಲುವುದು ಸೈಕ್ಲಾಯ್ಡ್, ಅಂದರೆ ಉರುಳುವ ಚಕ್ರದ ಅಂಚಿನ ಮೇಲಿನ ಬಿಂದು ಎಳೆಯುವ ವಕ್ರರೇಖೆಯನ್ನು ತಲೆಕೆಳಗಾಗಿಸಿದ್ದು. 1696ರಲ್ಲಿ ಸ್ವಿಸ್ ಗಣಿತಜ್ಞ ಯೋಹಾನ್ ಬರ್ನೂಲಿ ಯುರೋಪಿನ ಗಣಿತಜ್ಞರಿಗೆಲ್ಲ ಎಸೆದ ಸವಾಲು ಇದು. ನ್ಯೂಟನ್ ಹೆಸರು ಹಾಕದೆ ಉತ್ತರ ಕಳಿಸಿದ. ಅದಕ್ಕೂ ಮೊದಲು ಗೆಲಿಲಿಯೊ ವೃತ್ತದ ಕಂಸವೇ ಅತಿ ವೇಗದ್ದು ಎಂದುಕೊಂಡಿದ್ದ. ಹಲವು ಕಡೆ ನೇರದಾರಿಯ ಪಕ್ಕ ಸೈಕ್ಲಾಯ್ಡ್ ಇಟ್ಟು ಮುಗಿಸಿಬಿಡುತ್ತಾರೆ. ಗೆಲಿಲಿಯೊನ ಕಂಸವನ್ನೂ ಇಡಬೇಕು ಎನ್ನುವುದು ನನ್ನ ಹಟ. ಒಂದು ಮೀಟರ್ ಇಳಿತ, ಒಂದು ಮೀಟರ್ ಅಡ್ಡದೂರಕ್ಕೆ ಘರ್ಷಣೆಯಿಲ್ಲವೆಂದು ಲೆಕ್ಕ ಹಾಕಿದರೆ ಇವೆರಡರ ವ್ಯತ್ಯಾಸ ಸೆಕೆಂಡಿನ ನೂರನೇ ಒಂದು ಭಾಗದಷ್ಟು. ನಮ್ಮ ಗೋಲಿಗಳಿಗೂ ಕಣ್ಣಿಗೂ ಅದನ್ನು ತೀರ್ಮಾನಿಸುವ ಶಕ್ತಿ ಇಲ್ಲ. ಅಲ್ಲಿ ಕಾಗದ, ಪೆನ್ನು ಹಿಡಿಯಲೇಬೇಕು.

ಜರ್ಮನಿಯ ಗೀಸೆನ್‌ನಲ್ಲಿ 2002ರಿಂದ, ನ್ಯೂಯಾರ್ಕಿನಲ್ಲಿ 2012ರಿಂದ ಗಣಿತಕ್ಕೆಂದೇ ಸಂಗ್ರಹಾಲಯಗಳಿವೆ. ನ್ಯೂಯಾರ್ಕಿನದರಲ್ಲಿ ಚೌಕ ಚಕ್ರದ ಸೈಕಲ್ಲು ಕೂಡ ಸರಾಗವಾಗಿ ಓಡುತ್ತದೆ, ಅದಕ್ಕೆ ತಕ್ಕ ಉಬ್ಬುಗಳ ನೆಲವಿದೆ. ಪರದೆಯ ಮೇಲಿನ ಮಾದರಿಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಗುಂಡಿ ಒತ್ತಿದರೆ ಬಣ್ಣ ಕುಣಿಯುತ್ತದೆ, ಅಷ್ಟೇ. ಇದಕ್ಕೆ ಅಪವಾದ ಸರ್ಫರ್ ಎಂಬ ತಂತ್ರಾಂಶ, 2008ರ ಜರ್ಮನಿಯ ಗಣಿತ ವರ್ಷಕ್ಕೆ ಓಬರ್‌ವೊಲ್ಫಾಖ್ ಗಣಿತ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ ಇಮ್ಯಾಜಿನರಿ ಪ್ರದರ್ಶನದ್ದು. ಮೂರು ಚರಾಕ್ಷರಗಳ ವರ್ಗಗಳನ್ನು ಕೂಡಿಸಿ ಒಂದನ್ನು ಕಳೆದು ಸೊನ್ನೆಗೆ ಸಮ ಮಾಡಿದರೆ ಚೆಂಡು ಮೂಡುತ್ತದೆ. ಘಾತವನ್ನು ಬದಲಾಯಿಸಿ, ಚೆಂಡು ಕೆಟ್ಟು ಇನ್ನೇನೋ ಆಗುತ್ತದೆ. ಇಲ್ಲಿ ಸಮೀಕರಣವನ್ನು ಮುಚ್ಚಿಟ್ಟಿಲ್ಲ, ಆಟದ ಹಿಡಿಯೇ ಅದು.

ವಿವರಣೆಯ ಫಲಕಗಳ ಬಗ್ಗೆ ಒಂದು ಮಾತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿ ಬರೆದ. ನಮ್ಮ ಮೇಳಗಳ ಫಲಕಗಳು ಈಗಲೂ ಇಂಗ್ಲಿಷಿನ ನೆರಳಿನ ಕನ್ನಡದಲ್ಲಿ, ಯಾರೂ ಓದದಷ್ಟು ಉದ್ದಕ್ಕಿರುತ್ತವೆ. ನನ್ನ ಫಲಕದಲ್ಲಿ ಒಂದೇ ಸಾಲು: ‘ಯಾವ ಗೋಲಿ ಗೆಲ್ಲುತ್ತದೆ? ಮೊದಲು ಹೇಳಿ, ಆಮೇಲೆ ಬಿಡಿ.’ ಮೊದಲೇ ಊಹಿಸಿ ಬಾಯಿಬಿಟ್ಟು ಹೇಳಿದವರು ಮಾತ್ರ ಬೆರಗಾಗಲು ಸಾಧ್ಯ.

‘ಹಾಗಾದರೆ ಮನೆಯಲ್ಲಿ ಏನು ಮಾಡಿಸಲಿ?’ ಎಂದೂ ಕೇಳುತ್ತಾರೆ. ಚೌಕಗಳಿರುವ ಲೆಕ್ಕದ ಪುಸ್ತಕದಲ್ಲಿ 13ಕ್ಕೆ 13ರ ಚೌಕ ಕತ್ತರಿಸಿಕೊಳ್ಳಿ. 5 ಮತ್ತು 13 ಬಾಹುಗಳ ಎರಡು ಲಂಬಕೋನ ತ್ರಿಭುಜ, 5 ಮತ್ತು 8 ಸಮಾಂತರ ಬದಿಗಳ, 8 ಎತ್ತರದ ಎರಡು ತ್ರಾಪಿಜ್ಯ ಮಾಡಿ. 8ಕ್ಕೆ 21ರ ಆಯತವಾಗಿ ಜೋಡಿಸಿ. 169 ಇದ್ದದ್ದು ಈ ಸಲ 168 ಆಗುತ್ತದೆ. ಕಳೆದುಹೋದ ಮನೆಯನ್ನು ಮಗು ಹುಡುಕಲಿ, ನಿಮಗೆ ಉತ್ತರ ಹೊಳೆದರೂ ರಾತ್ರಿ ಊಟದವರೆಗಾದರೂ ಹೇಳಬೇಡಿ.