ಸಿಬ್ಬಂದಿಯನ್ನು ಖುಷಿಯಾಗಿ ‘ಇಡುವುದು’ ಹೇಗೆ ಎಂದು ಕೇಳುವವರಿಗೆ

ಹೋಟೆಲಿನಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ ಎಂದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು: ‘ಕೆಲಸಗಾರರನ್ನು ಖುಷಿಯಾಗಿಡಲು ಏನು ಮಾಡುತ್ತೀರಿ?’ ಆ ‘ಇಡಲು’ ಕೇಳಿದರೇ ನನಗೆ ಮೈ ಉರಿಯುತ್ತದೆ. ಇಡುವುದಕ್ಕೆ ಅವರೇನು ಹೂಕುಂಡಗಳೇ? ಕೇಳಿದವರಿಗೆ ಉತ್ತರಕ್ಕೆ ಕಾಯುವ ತಾಳ್ಮೆಯೂ ಇರುವುದಿಲ್ಲ. ‘ಸಂಬಳ ಜಾಸ್ತಿ ಮಾಡಿದರಾಯಿತಲ್ಲ’ ಎಂದು ತಾವೇ ಮುಗಿಸುತ್ತಾರೆ.

ಸಂಬಳ ಮುಖ್ಯವೇ. ಅಲ್ಲ ಎನ್ನುವವರು ಸಾಮಾನ್ಯವಾಗಿ ಅದನ್ನು ಕೊಡುವ ಕಡೆ ಇರುತ್ತಾರೆ. ಸಂಬಳ ಸಾಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಆದರೆ ಅವರು ಮಾತನಾಡಿಸಿದ್ದು ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು. ಅಪರಿಚಿತರಿಂದ ಬೈಸಿಕೊಳ್ಳುತ್ತ ನಗಬೇಕಾದವರನ್ನಲ್ಲ.

ಒಂದು ರಾತ್ರಿ ಅತಿಥಿಯೊಬ್ಬರ ಕೊಠಡಿಯಲ್ಲಿ ಎಸಿ ಕೆಟ್ಟಿತು. ಪಕ್ಕದ ಕೊಠಡಿ ಖಾಲಿ ಇತ್ತು, ಅದರ ಕೀಲಿ ರಿಸೆಪ್ಷನಿಸ್ಟ್ ಕೈಗೆ ಎಟಕುವಲ್ಲೇ ಇತ್ತು. ಆದರೆ ಕೊಠಡಿ ಬದಲಿಸಲು ಮ್ಯಾನೇಜರ್ ಒಪ್ಪಿಗೆ ಬೇಕೆಂಬುದು ನಿಯಮ. ಮ್ಯಾನೇಜರ್ ಫೋನ್ ಎತ್ತಲಿಲ್ಲ. ಆಕೆ ನಲವತ್ತು ನಿಮಿಷ ಬೈಸಿಕೊಂಡು ನಿಂತಳು. ಬೆಳಿಗ್ಗೆ ಕರೆಸಿ, ಅವರನ್ನು ಸಮಾಧಾನ ಮಾಡಲು ಏಕೆ ಆಗಲಿಲ್ಲ ಎಂದು ಕೇಳಿದೆ.

‘ಕ್ಷಮೆ ಕೇಳುವುದಕ್ಕೆ ಯಾರ ಒಪ್ಪಿಗೆಯೂ ಬೇಡ ಸರ್. ಕೊಠಡಿ ಬದಲಿಸುವುದಕ್ಕೆ ಬೇಕು’ ಎಂದಳು.

ಆ ನಿಯಮದ ಕೆಳಗಿದ್ದ ಸಹಿ ನನ್ನದು. ಸುಮ್ಮನೆ ಹಾಕಿದ್ದಲ್ಲ, ಖಾಲಿ ಕೊಠಡಿಗಳನ್ನು ಪರಿಚಿತರಿಗೆ ಕೊಟ್ಟು ಸಿಕ್ಕಿಬಿದ್ದವರಿದ್ದರು. ಆದರೂ ಆ ನಲವತ್ತು ನಿಮಿಷಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಒತ್ತಡ ಹೆಚ್ಚಿದ್ದು, ತೀರ್ಮಾನಿಸುವ ಹಕ್ಕು ಕಡಿಮೆಯಿದ್ದರೆ ಕೆಲಸ ಮನುಷ್ಯನನ್ನು ಹಿಂಡುತ್ತದೆ ಎಂದು ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದ್ದನ್ನು ನಾನು ತರಬೇತಿಗಳಲ್ಲಿ ಹೇಳಿಕೊಂಡೇ ಬಂದಿದ್ದೆ!

ಹಾಗಾಗಿ ಖುಷಿಯ ವಿಚಾರ ಬಿಡಿ. ‘ನಿಮ್ಮ ಕೌಂಟರಿನಲ್ಲಿ ನಿಂತವರು ಯಾರನ್ನೂ ಕೇಳದೆ ಏನೇನು ಮಾಡಬಹುದು?’ ಎಂದು ಕೇಳಿ. ಹೇಳಲು ನನ್ನಲ್ಲಿ ಈಗ ಏನೋ ಇದೆ. ಕೊಠಡಿ ಬದಲಿಸಬಹುದು. ಒಂದು ರಾತ್ರಿಯ ಬಾಡಿಗೆ ಬಿಡಬಹುದು. ಅತಿಥಿ ಮಿತಿ ಮೀರಿ ಬೈದರೆ ಒಳಗೆ ಹೋಗಿ, ಪಾಳಿಯ ಮೇಲ್ವಿಚಾರಕರನ್ನು ಮುಂದೆ ಕಳಿಸಬಹುದು. ದುರುಪಯೋಗ ಆಗಲಿಲ್ಲವೇ ಎಂದರೆ, ಆಯಿತು, ಎರಡು ಸಲ. ನಾವು ಹೆದರಿದ್ದು ಇನ್ನೂ ಹೆಚ್ಚಿಗೆ.

ಬೈದರೆ ಒಳಗೆ ಹೋಗುವ ಆ ಮೂರನೆಯ ಹಕ್ಕಿಗೆ ಮಾಲೀಕರನ್ನು ಒಪ್ಪಿಸುವಷ್ಟರಲ್ಲಿ ಆ ರಿಸೆಪ್ಷನಿಸ್ಟ್ ಕೆಲಸ ಬಿಟ್ಟಿದ್ದಳು. ರಾಜೀನಾಮೆ ಪತ್ರದಲ್ಲಿ ಬರೆದಿದ್ದ ಕಾರಣ: ಹೆಚ್ಚಿನ ಸಂಬಳ.