‘ಮೈ’ ಎಲ್ಲಿ ಹೋಯ್ತು ಸರ್?

2014ರ ಮಾರ್ಚ್. ನಮ್ಮ ಆಫೀಸಿನಲ್ಲಿ ವಿಂಡೋಸ್ ಎಕ್ಸ್‌ಪಿ ತೆಗೆದು ವಿಂಡೋಸ್ 7 ಹಾಕುವ ಕೆಲಸ ನಡೆದಿತ್ತು. ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಸಪೋರ್ಟ್ ನಿಲ್ಲುತ್ತಿತ್ತು. ಅಷ್ಟರೊಳಗೆ ಮುಗಿಸಬೇಕು. ಶನಿವಾರ, ಭಾನುವಾರ ಎರಡೂ ದಿನ ಕೂತು ಒಂದಿಡೀ ಮಹಡಿಯ ಸಿಸ್ಟಮ್‌ಗಳನ್ನು ಮುಗಿಸಿದೆವು. ಒಂದು ಫೈಲೂ ಹೋಗಿರಲಿಲ್ಲ. ಪ್ರಿಂಟರ್‌ಗಳು ಕೂಡ ಹಟ ಮಾಡದೆ ಕೆಲಸ ಮಾಡುತ್ತಿದ್ದವು. ಸೋಮವಾರ ಬೆಳಿಗ್ಗೆ ಯಾರಾದರೂ ಬೆನ್ನು ತಟ್ಟಬಹುದು ಅಂತ ಕಾಯುತ್ತಾ ಕೂತಿದ್ದೆ.

ಮೊದಲ ಫೋನ್ ಅಕೌಂಟ್ಸ್‌ನಿಂದ ಬಂತು. "ಸರ್, ನನ್ನ ಕಂಪ್ಯೂಟರ್‌ದು ಮೈ ಎಲ್ಲಿ ಹೋಯ್ತು?"

ನನಗೆ ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ಎಕ್ಸ್‌ಪಿಯಲ್ಲಿ ‘ಮೈ ಕಂಪ್ಯೂಟರ್’ ಅಂತಿದ್ದ ಐಕಾನ್ ಈಗ ಬರೀ ‘ಕಂಪ್ಯೂಟರ್’ ಆಗಿತ್ತು. ಹನ್ನೊಂದು ಗಂಟೆಯೊಳಗೆ ಈ ‘ಮೈ’ ಇಡೀ ಮಹಡಿ ಸುತ್ತಿ ಬಂತು. "ಮೈ ಇಳಿದಿದೆ ಸರ್, ಡಯಟ್ ಮಾಡಿಸಿದ್ರಾ?" ಅಂತ ಒಬ್ಬರು. "ಮೈ ಇಲ್ಲದ ಮೇಲೆ ಇನ್ನು ಅದನ್ನ ಮೈಗಳ್ಳ ಅಂತ ಬೈಯೋ ಹಾಗಿಲ್ಲ" ಅಂತ ಇನ್ನೊಬ್ಬರು. ಅಕೌಂಟ್ಸ್ ಮೇಡಂದು ಮಾತ್ರ ಸ್ವಲ್ಪ ಚುರುಕು: "ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಕಂಪ್ಯೂಟರೂ ನಂದಲ್ಲ ಅಂತ ಬರೆದುಬಿಟ್ರಾ?"

ನಾನು ನಗಲಿಲ್ಲ. ಎರಡು ದಿನ ನಿದ್ದೆಗೆಟ್ಟು ಮಾಡಿದ ಕೆಲಸದಲ್ಲಿ ಇವರಿಗೆ ಕಂಡಿದ್ದು ಎರಡು ಅಕ್ಷರ ಕಾಣೆಯಾಗಿದ್ದು ಮಾತ್ರ ಅಲ್ವಾ ಅಂತ ಉರಿದುಹೋಯಿತು. "ಹೆಸರಲ್ಲೇನಿದೆ ಮೇಡಂ, ಡಬಲ್ ಕ್ಲಿಕ್ ಮಾಡಿ, ಅದೇ ಓಪನ್ ಆಗುತ್ತೆ" ಅಂತ ಹೇಳಿ ಫೋನ್ ಇಟ್ಟೆ. ಆ ಮಾತನ್ನು ಈಗ ನಾನು ಆಡುವುದಿಲ್ಲ. ಯಾಕೆ ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಹೆಸರಿನ ಕಥೆ ಹಳೆಯದು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಾಗ ಡೆಸ್ಕ್‌ಟಾಪ್ ಮೇಲೆ ‘ಮೈ ಕಂಪ್ಯೂಟರ್’, ‘ನೆಟ್‌ವರ್ಕ್ ನೇಬರ್‌ಹುಡ್’, ‘ರೀಸೈಕಲ್ ಬಿನ್’, ‘ಮೈ ಬ್ರೀಫ್‌ಕೇಸ್’ ಇದ್ದವು. ಕಂಪ್ಯೂಟರನ್ನೇ ಮುಟ್ಟದವರನ್ನು ಕರೆದು ಕೂರಿಸಿ, ಇದು ನಿಂದೇ ಕಣಪ್ಪ, ಹೆದರಬೇಡ ಅಂತ ಹೇಳುವ ಧಾಟಿ ಆ ಹೆಸರುಗಳಲ್ಲಿತ್ತು. ‘ನೇಬರ್‌ಹುಡ್’ ಆಮೇಲೆ ‘ಮೈ ನೆಟ್‌ವರ್ಕ್ ಪ್ಲೇಸಸ್’ ಆಯಿತು. ಎಕ್ಸ್‌ಪಿ ಆದಮೇಲೆ, 7ಕ್ಕಿಂತ ಮೊದಲು ವಿಂಡೋಸ್ ವಿಸ್ತಾ ಬಂದಾಗ ‘ಮೈ’ಗಳನ್ನೆಲ್ಲ ಕಿತ್ತು ಬರೀ ‘ಕಂಪ್ಯೂಟರ್’, ‘ನೆಟ್‌ವರ್ಕ್’ ಮಾಡಿದರು. 2013ರಲ್ಲಿ ವಿಂಡೋಸ್ 8.1 ಬಂದಾಗ ‘ಕಂಪ್ಯೂಟರ್’ ಹೋಗಿ ‘ದಿಸ್ ಪಿಸಿ’ ಬಂತು. ನನ್ನದು ಅಂತಿದ್ದದ್ದು ಯಾರದೂ ಅಲ್ಲ ಆಯಿತು, ಆಮೇಲೆ ಬರೀ ‘ಇದು’ ಆಯಿತು. ಹಾಗೆ ನೋಡಿದರೆ ನಮ್ಮ ಅಕೌಂಟ್ಸ್ ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾವು 7ರಿಂದ 10ಕ್ಕೆ ಹೋಗಿದ್ದು 2019ರ ಕೊನೆಗೆ. ಆ ಹೊತ್ತಿಗೆ ನಾನು ಜೋಕಿಗೆ ತಯಾರಾಗಿಯೇ ಇದ್ದೆ. ಹೊಸ ಸಿಸ್ಟಮ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ರೀಸೈಕಲ್ ಬಿನ್ ಬಿಟ್ಟರೆ ಇಂಥ ಹಳೇ ಐಕಾನ್ ಯಾವುದೂ ಇರುವುದಿಲ್ಲ. ಜನ ಹುಡುಕುತ್ತಾರೆ ಅಂತ ನಾನೇ ಡೆಸ್ಕ್‌ಟಾಪ್ ಐಕಾನ್ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ಹಾಕಿ ‘ದಿಸ್ ಪಿಸಿ’ಯನ್ನು ಹೊರಗೆ ತಂದಿಟ್ಟಿದ್ದೆ. ಸೋಮವಾರ ಬೆಳಿಗ್ಗೆ ಡಿಸ್ಪ್ಯಾಚ್ ಸೆಕ್ಷನ್ ಮುಂದೆ ಹೋಗುತ್ತಿದ್ದರೆ ಒಬ್ಬರು ಒಂದನೇ ಕ್ಲಾಸ್ ಮೇಷ್ಟ್ರ ಥರ ಬೆರಳು ತೋರಿಸುತ್ತಾ ಪಾಠ ಮಾಡುತ್ತಿದ್ದರು. "ಇದು ಪಿಸಿ. ಅದು ಕುರ್ಚಿ. ಅಲ್ಲಿ ಬರ್ತಿರೋದು ಸಿಸ್ಟಮ್ ಸರ್." ಎಲ್ಲರೂ ಗೊಳ್ಳೆಂದರು. ಈ ಸಲ ನಾನೂ ನಕ್ಕೆ.

ನಕ್ಕಿದ್ದೇ ತಪ್ಪಾಯಿತೇನೋ. ಐಕಾನ್ ಮೇಲೆ ಕ್ಲಿಕ್ ಮಾಡಿ ಎಫ್ 2 ಒತ್ತಿದರೆ ಹೆಸರು ಬದಲಾಯಿಸಬಹುದು ಅಂತ ಯಾರೋ ಕಂಡುಹಿಡಿದರು. ವಾರದೊಳಗೆ ಅದು ಆಫೀಸಿನ ಆಟವಾಯಿತು. ‘ದಿಸ್ ಪಿಸಿ’ಗೆ ‘ನಿಧಾನ’, ‘ಯಾರದೋ ಪಿಸಿ’, ‘ಆಮೇಲೆ ಬನ್ನಿ’ ಅಂತೆಲ್ಲ ನಾಮಕರಣ. ಎದ್ದು ಹೋದವರ ಸಿಸ್ಟಮ್ ಲಾಕ್ ಆಗಿರದಿದ್ದರೆ ವಾಪಸ್ ಬರುವಷ್ಟರಲ್ಲಿ ಹೊಸ ಹೆಸರು. ನಿಜ ಹೇಳಬೇಕೆಂದರೆ, ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ ಅಂತ ನಾನು ವರ್ಷಗಟ್ಟಲೆ ಕಳಿಸಿದ ಮೇಲ್‌ಗಳಿಗಿಂತ ಈ ಆಟಕ್ಕೆ ಹೆದರಿ ಲಾಕ್ ಮಾಡಿದವರು ಜಾಸ್ತಿ. ಅದಕ್ಕೇ ಸುಮ್ನಿದ್ದೆ.

ಅಳಿಸಿದ ಫೈಲ್‌ಗಳು ಹೋಗಿ ಬೀಳುವ ರೀಸೈಕಲ್ ಬಿನ್‌ಗೂ ಹೆಸರುಗಳು ಬಂದವು. ಎಕ್ಸ್‌ಪಿ ಕಾಲದಲ್ಲಿ ಅದರ ಮೆನುವಿನಲ್ಲಿ ರೀನೇಮ್ ಅನ್ನೋದೇ ಇರಲಿಲ್ಲ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಗೆ ಕೈ ಹಾಕಬೇಕಿತ್ತು. ವಿಸ್ತಾದಿಂದ ಈಚೆಗೆ ಅದನ್ನೂ ಬಿಟ್ಟುಕೊಟ್ಟಿದ್ದಾರೆ. ಒಬ್ಬರು ‘ಸಲಹಾ ಪೆಟ್ಟಿಗೆ’ ಅಂತ ಇಟ್ಟರು. ಅದಕ್ಕೆ ಮ್ಯಾನೇಜರೂ ನಕ್ಕರು. ಇನ್ನೊಬ್ಬರು ರೆಕಾರ್ಡ್ಸ್ ಸೆಕ್ಷನ್‌ನ ಒಂದು ಸಿಸ್ಟಮ್‌ನಲ್ಲಿ ‘ಹಳೇ ದಾಖಲೆ’ ಅಂತ ಇಟ್ಟರು. ಹಳೇ ದಾಖಲೆಗಳನ್ನು ಯಾರೂ ತೆಗೆದು ನೋಡುವುದಿಲ್ಲ, ಅವು ಕಸಕ್ಕೆ ಸಮ ಅಂತ ಜೋಕು. ಆ ದಿನ ಎಲ್ಲರೂ ನಕ್ಕು ಮರೆತರು. ಹೆಸರು ಹಾಗೇ ಉಳಿಯಿತು.

ಕೆಲವು ತಿಂಗಳ ಮೇಲೆ ಆ ಸಿಸ್ಟಮ್‌ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಆ ಸೆಕ್ಷನ್ನಿಗೆಲ್ಲ ಒಂದೇ ಲಾಗಿನ್. ಅದು ಹಾಗಿರಬಾರದಿತ್ತು, ಆದರೆ ಇತ್ತು, ಅದಕ್ಕೆ ಹೊಣೆ ನಾನೇ. ಐಕಾನ್ ಹೆಸರು ಉಳಿಯುವುದು ಲಾಗಿನ್ ಪ್ರಕಾರ. ಅವಳಿಗೆ ಅವಳದೇ ಲಾಗಿನ್ ಕೊಟ್ಟಿದ್ದರೆ ಬಿನ್ ಬಿನ್ನಾಗಿಯೇ ಕಾಣುತ್ತಿತ್ತು. ಅವಳ ಕೆಲಸ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿ, ಪರಿಶೀಲಿಸಿ, ಎತ್ತಿಡುವುದು. ಎಲ್ಲಿ ಇಡಬೇಕು ಅಂತ ಕೇಳಿದ್ದಕ್ಕೆ ಯಾರೋ ಅವಸರದಲ್ಲಿ "ಹಳೇ ದಾಖಲೆ ಅಂತ ಫೋಲ್ಡರ್ ಇದೆ ನೋಡಮ್ಮ" ಅಂದಿದ್ದಾರೆ. ಅವರು ಹೇಳಿದ್ದು ಸರ್ವರ್‌ನಲ್ಲಿದ್ದ ಫೋಲ್ಡರ್. ಇವಳಿಗೆ ಕಂಡಿದ್ದು ಎದುರಿಗೇ ಇದ್ದ ಐಕಾನ್.

ಆರು ವಾರ. ದಿನವೂ ಸಂಜೆ ಅವತ್ತಿನ ಸ್ಕ್ಯಾನ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ, ಎಳೆದು, ಅದರೊಳಗೆ ಬಿಟ್ಟು ಮನೆಗೆ ಹೋಗಿದ್ದಾಳೆ. ವಿಂಡೋಸ್ ಒಂದು ಮಾತೂ ಕೇಳಿಲ್ಲ. ಎಳೆದು ಬಿನ್‌ಗೆ ಹಾಕಿದರೆ ಅದು ಸುಮ್ಮನೆ ತೆಗೆದುಕೊಳ್ಳುತ್ತದೆ. ನೆಟ್‌ವರ್ಕ್ ಡ್ರೈವ್‌ನಿಂದ ಎಳೆದಿದ್ದರೆ ಪೂರ್ತಿ ಅಳಿಸಿಹೋಗುತ್ತದೆ, ಸರೀನಾ ಅಂತ ಎಚ್ಚರಿಸುತ್ತಿತ್ತು. ಆಗಲಾದರೂ ಸಿಕ್ಕಿಬೀಳುತ್ತಿತ್ತು. ಇವು ಲೋಕಲ್ ಡಿಸ್ಕಿನಲ್ಲಿದ್ದ ಫೈಲ್‌ಗಳು.

ಇಷ್ಟೇ ಆಗಿದ್ದರೆ ರಿಸ್ಟೋರ್ ಒತ್ತಿ ಮುಗಿಸಬಹುದಿತ್ತು. ಆದರೆ ಡಿಸ್ಕ್ ತುಂಬುತ್ತಿದೆ ಅಂತ ನಾನೇ ಎಲ್ಲ ಸಿಸ್ಟಮ್‌ಗಳಲ್ಲೂ ಸ್ಟೋರೇಜ್ ಸೆನ್ಸ್ ಆನ್ ಮಾಡಿದ್ದೆ. ಬಿನ್‌ನಲ್ಲಿ 30 ದಿನ ದಾಟಿದ್ದನ್ನು ಅದು ತಾನಾಗಿ ತೆಗೆದುಹಾಕುತ್ತದೆ. ಮೊದಲ ಎರಡು ವಾರದ ಕೆಲಸ ಹೊರಟುಹೋಗಿತ್ತು. ಹೆಸರಿಟ್ಟವರದು ಅರ್ಧ ತಪ್ಪಾದರೆ ಇನ್ನರ್ಧ ನನ್ನದು.

ಆ ಸಿಸ್ಟಮ್ ಮುಂದೆ ಕೂತಾಗ ನಾನು ಅವಳಿಗೆ ಕೇಳಿದ್ದು ಒಂದೇ. "ಹೆಸರು ಏನೇ ಇರಲಿ, ಚಿತ್ರ ಕಸದ ಬುಟ್ಟಿದು ಅಲ್ವಾ? ಅದು ಕಾಣಲಿಲ್ವಾ?"

"ಕಾಣ್ತು ಸರ್. ಹಳೇ ಫೈಲು ಅಂದ್ರೆ ಕಸ ಅಂತ ಯಾರೋ ತಮಾಷೆಗೆ ಆ ಚಿತ್ರ ಹಾಕಿದ್ದಾರೆ ಅಂದ್ಕೊಂಡೆ."

ನನಗೆ ಮಾತೇ ಹೊರಡಲಿಲ್ಲ. ಅವಳಿಗೂ ಅಲ್ಲೊಂದು ಜೋಕು ಇದೆ ಅಂತ ಗೊತ್ತಾಗಿತ್ತು. ಚಿತ್ರ ಜೋಕು, ಹೆಸರು ನಿಜ ಅಂದುಕೊಂಡಿದ್ದಳು ಅಷ್ಟೆ. ಹೊಸ ಕೆಲಸಕ್ಕೆ ಬಂದವರು ಇನ್ನೇನು ಅಂದುಕೊಳ್ಳಬೇಕು? ಚಿತ್ರವೊಂದು, ಹೆಸರೊಂದು ಹೇಳಿದರೆ ಯಾರಾದರೂ ನಂಬುವುದು ಹೆಸರನ್ನೇ. ಡಬ್ಬಿ ಮೇಲೆ ಚೀಟಿ ಅಂಟಿಸುವುದು ಅದಕ್ಕೇ ಅಲ್ವಾ. ಹೆಸರಲ್ಲೇನಿದೆ ಅಂತ ಅಕೌಂಟ್ಸ್ ಮೇಡಂಗೆ ಹೇಳಿದ್ದು ಆಗ ನೆನಪಾಯಿತು.

ಕೊನೆಗೆ ನಾಲ್ಕು ವಾರದ್ದು ರಿಸ್ಟೋರ್‌ನಿಂದ ವಾಪಸ್ ಬಂತು. ಬಿನ್‌ಗೆ ಹೋದ ಫೈಲ್‌ಗೆ ವಿಂಡೋಸ್ ಒಳಗೊಳಗೇ ಬೇರೆ ಹೆಸರಿಟ್ಟು, ಮೊದಲಿನ ಹೆಸರು, ಇದ್ದ ಜಾಗ, ಹಾಕಿದ ದಿನ ಎಲ್ಲವನ್ನೂ ಪಕ್ಕದ ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ಪ್ರತಿಯೊಂದೂ ತನ್ನ ಹೆಸರಿನಲ್ಲೇ, ತನ್ನ ಜಾಗಕ್ಕೇ ಬಂತು. ಹೆಸರು ಬದಲಿಸಿದರೆ ಹಳೆಯದನ್ನು ಬರೆದಿಟ್ಟುಕೊಳ್ಳಬೇಕು ಅನ್ನುವಷ್ಟು ಬುದ್ಧಿ ಕಸದ ಬುಟ್ಟಿಗೇ ಇದೆ ಅಂತ ನಗು ಬಂತು. ಉಳಿದ ಎರಡು ವಾರದ್ದಕ್ಕೆ ಕಾಗದ ಇನ್ನೂ ಕಪಾಟಿನಲ್ಲಿತ್ತು. ಅವಳೂ ನಾನೂ ಕೂತು ಮತ್ತೆ ಸ್ಕ್ಯಾನ್ ಮಾಡಿದೆವು. ಹೆಸರಿಟ್ಟ ಪುಣ್ಯಾತ್ಮರು ತಾವಾಗಿಯೇ ಬಂದು ಸ್ಟೇಪ್ಲರ್ ಪಿನ್ ಕೀಳುತ್ತಾ ಕೂತರು. ಯಾರೂ ಅವರಿಗೆ ಏನೂ ಅನ್ನಲಿಲ್ಲ.

ರೀನೇಮ್ ಮಾಡಬೇಡಿ ಅಂತ ನಿಯಮ ಮಾಡಿ ಆಟ ನಿಲ್ಲಿಸಬಹುದಿತ್ತು, ಮಾಡಲಿಲ್ಲ. ಬಿನ್‌ನ ಹೆಸರನ್ನು ಮಾತ್ರ ಎಲ್ಲ ಕಡೆ ಮೊದಲಿನ ಹಾಗೆ ಮಾಡಿಸಿದೆ, ಎಲ್ಲರಿಗೂ ಅವರವರದೇ ಲಾಗಿನ್ ಮಾಡಿಕೊಟ್ಟೆ. ‘ದಿಸ್ ಪಿಸಿ’ಗೆ ಏನಾದರೂ ಇಟ್ಟುಕೊಳ್ಳಲಿ. ಅದರೊಳಗೆ ಏನನ್ನು ಎಳೆದು ಬಿಟ್ಟರೂ ಕಳೆದುಹೋಗುವುದಿಲ್ಲ.

ಆದರೆ ಅದರಿಂದ ಫೋನಿನಲ್ಲಿ ಪಾಡು ಬೇರೆ. "ದಿಸ್ ಪಿಸಿ ಓಪನ್ ಮಾಡಿ" ಅಂದರೆ "ಅದಿಲ್ಲ ಸರ್, ‘ಆಮೇಲೆ ಬನ್ನಿ’ ಇದೆ" ಅಂತಾರೆ. ನಾನು ಆಮೇಲೆ ಮಾಡಬೇಕೇನೋ ಅಂತ ಒಂದು ಸಲ ಫೋನ್ ಇಟ್ಟೂಬಿಟ್ಟಿದ್ದೆ. ಈಗ ಐಕಾನ್ ಹೆಸರು ಹೇಳುವುದನ್ನೇ ಬಿಟ್ಟಿದ್ದೇನೆ. "ವಿಂಡೋಸ್ ಕೀ ಹಿಡಿದು ಇ ಒತ್ತಿ" ಅನ್ನುತ್ತೇನೆ. ಮೈ ಇರಲಿ, ಬಿಡಲಿ, ಯಾವ ವಿಂಡೋಸ್ ಆದರೂ ಫೈಲ್‌ಗಳನ್ನು ನೋಡುವ ಕಿಟಕಿ ತೆರೆದುಕೊಳ್ಳುತ್ತದೆ. ಹೊಸದಾಗಿ ಸಪೋರ್ಟ್ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಇದನ್ನೇ ಹೇಳಿಕೊಡುತ್ತೇನೆ. ಎರಡನೇ ದಿನದ ಪಾಠ, ಐಕಾನ್ ಹೆಸರು ಬೇರೆ, ಕಂಪ್ಯೂಟರ್ ಹೆಸರು ಬೇರೆ. ‘ದಿಸ್ ಪಿಸಿ’ಯನ್ನು ‘ನಿಧಾನ’ ಅಂತ ಮಾಡಿದ ಮಾತ್ರಕ್ಕೆ ನೆಟ್‌ವರ್ಕ್‌ನಲ್ಲಿ ಅದರ ಹೆಸರು ಬದಲಾಗುವುದಿಲ್ಲ. "ನಾನು ಹೆಸರು ಬದಲಾಯಿಸಿ ತಿಂಗಳಾಯ್ತು, ನಿಮ್ಮ ಲಿಸ್ಟಲ್ಲಿ ಇನ್ನೂ ಹಳೇದೇ ಇದೆ" ಅಂತ ನನ್ನ ಮೇಲೇ ದೂರು ಬಂದಿದೆ.

ಇನ್ನೊಂದು ಬದಲಾವಣೆ ನನ್ನಲ್ಲಿ ಆಯಿತು. ಜೋಕುಗಳನ್ನು ಬರೆದಿಟ್ಟುಕೊಳ್ಳಲು ಶುರುಮಾಡಿದೆ. ಡ್ರಾಯರ್‌ನಲ್ಲಿ ಒಂದು ಸಣ್ಣ ನೋಟ್‌ಬುಕ್ಕಿದೆ. ಅದು ಹೇಗೆ ಶುರುವಾಯಿತು ಅಂದರೆ, ಸರ್ವರ್ ಬದಲಿಸಿದಾಗ ಎಲ್ಲರ ಡೆಸ್ಕ್‌ಟಾಪ್ ಮೇಲೆ ‘ಕಾಮನ್ ನ್ಯೂ 2’ ಅಂತ ಒಂದು ಶಾರ್ಟ್‌ಕಟ್ ಇಟ್ಟಿದ್ದೆ. ಹೆಸರು ನಾನೇ ಇಟ್ಟಿದ್ದು, ನಾಚಿಕೆ ಆಗುತ್ತೆ. ಡಿಸ್ಪ್ಯಾಚ್‌ನ ಅದೇ ಮೇಷ್ಟ್ರು "ಕಾಮನ್ ನ್ಯೂ 2 ಸಿಕ್ತು ಸರ್, ಕಾಮನ್ ಸೆನ್ಸ್ 1 ಯಾವ ಡ್ರೈವಲ್ಲಿದೆ?" ಅಂದರು. ಮೊದಲಾಗಿದ್ದರೆ ಮುಖ ಸಿಂಡರಿಸಿ ಹೋಗುತ್ತಿದ್ದೆ. ಅವತ್ತು ‘1’ ಅಂದದ್ದು ತಲೆಯಲ್ಲಿ ಕೂತಿತು. ಎರಡು ಇದ್ದರೆ ಒಂದು ಎಲ್ಲೋ ಇರಲೇಬೇಕು ಅಂತ ಬೇರೆಯವರಿಗೂ ಅನ್ನಿಸಿರುತ್ತದಲ್ಲ. ಹೋಗಿ ನೋಡಿದರೆ ನಿಜವಾಗಿಯೂ ಕೆಲವರು ಹಳೇ ಸರ್ವರ್‌ನ ಫೋಲ್ಡರ್ ಹುಡುಕಿ ತೆಗೆದು ಅದರಲ್ಲೇ ಫೈಲ್ ಇಡುತ್ತಿದ್ದರು. ಅವರು ಯಾರೂ ದೂರು ಕೊಟ್ಟಿರಲಿಲ್ಲ. ಎಡವಿದವರು ಸಪೋರ್ಟ್‌ಗೆ ದೂರಿನ ಟಿಕೆಟ್ ಹಾಕುವುದಿಲ್ಲ, ಜೋಕು ಮಾಡುತ್ತಾರೆ. ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ತಮಾಷೆಗಾರ ಅನ್ನಿಸಿಕೊಳ್ಳುವುದು ವಾಸಿ.

ಹಾಗಂತ ಎಲ್ಲ ಜೋಕಿನಲ್ಲೂ ತಿರುಳಿರುತ್ತದೆ ಅಂತಲ್ಲ. 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತಿ ಆದಾಗ "ಸೆಂಡ್ ಆಫ್ ಪಾರ್ಟಿ ಯಾವಾಗ?" ಅಂತ ಹತ್ತು ಜನ ಕೇಳಿದರು. ಅದು ಸುಮ್ನೆ ಜೋಕು. ಆದರೆ ಹನ್ನೊಂದನೆಯವರು "ಇಂಟರ್ನೆಟ್ಟೇ ಹೋದ್ಮೇಲೆ ಮೇಲ್ ಹೇಗೆ ನೋಡೋದು?" ಅಂತ ನಗುತ್ತಾ ಕೇಳಿದರು. ಅವರ ನಗುವಿನಲ್ಲಿ ಸ್ವಲ್ಪ ಗಾಬರಿ ಇತ್ತು. ಹೋಗಿ ಬೇರೆ ಬ್ರೌಸರ್‌ನ ಶಾರ್ಟ್‌ಕಟ್ ತಂದಿಟ್ಟು, ಎಫ್ 2 ಒತ್ತಿ ‘ಇಂಟರ್ನೆಟ್’ ಅಂತ ಹೆಸರಿಟ್ಟೆ. ಶಾರ್ಟ್‌ಕಟ್ ಹೆಸರು ಬದಲಿಸಿದರೆ ಒಳಗಿನ ಪ್ರೋಗ್ರಾಮ್‌ಗೆ ಏನೂ ಆಗುವುದಿಲ್ಲ. ಅವರು ಆಮೇಲೆ ಒಂದು ದಿನವೂ ಫೋನ್ ಮಾಡಿಲ್ಲ.

ಮುಂದಿನ ವರ್ಷ ವಿಂಡೋಸ್ 11 ಇದ್ದ ಕೆಲವು ಹೊಸ ಸಿಸ್ಟಮ್ ಬಂದವು. ಮೊದಲು ಒಂದನ್ನು ರೆಕಾರ್ಡ್ಸ್ ಸೆಕ್ಷನ್ನಿಗೆ ಕೊಟ್ಟು ಪಕ್ಕದಲ್ಲಿ ನಿಂತೆ. ಕೂತಿದ್ದು ಅದೇ ಹುಡುಗಿ. ಈಗ ಸೆಕ್ಷನ್ ಪೂರ್ತಿ ಅವಳದೇ ಉಸ್ತುವಾರಿ. ಒಂದು ಸ್ಕ್ಯಾನ್‌ನ ಹೆಸರು ಬದಲಿಸಲು ರೈಟ್ ಕ್ಲಿಕ್ ಮಾಡಿದಳು. ಹುಡುಕಿದಳು. ಕಟ್, ಕಾಪಿ, ರೀನೇಮ್, ಡಿಲೀಟ್ ಎಲ್ಲ ಮೆನುವಿನ ಅಂಚಿನಲ್ಲಿ ಬರೀ ಚಿಕ್ಕ ಚಿತ್ರಗಳಾಗಿ ಕೂತಿದ್ದವು. ಕೆಳಗೆ ಒಂದಕ್ಷರವೂ ಇರಲಿಲ್ಲ.

"ಸರ್, ಹೆಸರು ಬದಲಾಯಿಸೋ ಬಟನ್‌ಗೇ ಹೆಸರಿಲ್ವಲ್ಲ!"

ಅವಳು ನಕ್ಕಳು, ನಾನು ನೋಟ್‌ಬುಕ್ ತೆಗೆದೆ. ಎಫ್ 2 ಒತ್ತಮ್ಮ ಅಂತ ಹೇಳಿ, ಆ ಸಾಲನ್ನು ಹಾಗೇ ಬರೆದುಕೊಂಡೆ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಆ ಚಿತ್ರಗಳ ಕೆಳಗೆ ಹೆಸರು ಬಂದಿವೆ. ಮೊನ್ನೆ ಅವಳ ಸಿಸ್ಟಮ್‌ಗೆ ಅದನ್ನು ಹಾಕಿ ಬಂದು, ನೋಟ್‌ಬುಕ್‌ನಲ್ಲಿ ಆ ಸಾಲಿನ ಮುಂದೆ ಒಂದು ಟಿಕ್ ಹಾಕಿದೆ.