ಗೋ ಡಚ್ ಅಂದ್ರೆ ಸಮಪಾಲು ಅಲ್ಲ ಮಾರಾಯ್ರೆ

ಮಂಗಳೂರಿನಲ್ಲಿ ಈಗ ಆಫೀಸಿನವರು ಒಟ್ಟಿಗೆ ಊಟಕ್ಕೆ ಹೊರಟರೆ ಸಾಕು, ಯಾರಾದರೂ ಒಬ್ಬರು 'ಲೆಟ್ಸ್ ಗೋ ಡಚ್' ಅಂತಾರೆ. ಕೊನೆಗೆ ಮಾಡುವುದೇನು? ಒಟ್ಟು ಬಿಲ್ಲನ್ನು ತಲೆಗಿಷ್ಟು ಅಂತ ಭಾಗ ಮಾಡುವುದು.

ಈ ಮಾತಿನ ಮೂಲ ಅರ್ಥ ಅದಲ್ಲ. ಅವರವರು ತಿಂದದ್ದಕ್ಕೆ ಅವರವರೇ ಕೊಡುವುದು ಗೋ ಡಚ್. ಸಮಪಾಲಿಗೆ 'ಸ್ಪ್ಲಿಟ್ ದ ಬಿಲ್' ಅಂದರೆ ಗೊಂದಲ ಇಲ್ಲ. ಇಂಗ್ಲಿಷಿನವರೇ ಈಗ ಎರಡನ್ನೂ ಬೆರೆಸಿ ಆಡ್ತಾರೆ, ನಿಜ. ಆದರೆ ನಮ್ಮ ಊರಿನಲ್ಲಿ ಬೆರೆಸಿದರೆ ಪೆಟ್ಟು ಬೀಳುವುದು ಯಾರಿಗೆ ಹೇಳಿ? ಒಬ್ಬ ಅಂಜಲ್ ತವಾ ಫ್ರೈ, ಸಿಗಡಿ ಘೀ ರೋಸ್ಟ್, ಮೇಲೆ ಎರಡು ಬಿಯರ್ ತರಿಸ್ತಾನೆ, ಪಕ್ಕದಲ್ಲಿ ಕೂತವಳು ಇವತ್ತು ಸೋಮವಾರ, ಮೀನು ಮುಟ್ಟುವುದಿಲ್ಲ ಅಂತ ನೀರ್ ದೋಸೆ ತಿಂದು ಏಳ್ತಾಳೆ. ಇಬ್ಬರಿಗೂ ಒಂದೇ ಪಾಲು! ಇದು ಯಾವ ನ್ಯಾಯ?

ಡಚ್ಚರ, ಅಂದರೆ ಹಾಲೆಂಡಿನವರ ಹೆಸರು ಯಾಕೆ ಬಂತು ಅಂದರೆ, 1652ರಿಂದ 1674ರ ಒಳಗೆ ಇಂಗ್ಲೆಂಡಿಗೂ ಅವರಿಗೂ ಮೂರು ಯುದ್ಧ ನಡೆದಿತ್ತು, ವ್ಯಾಪಾರದ ಜಿದ್ದು. ಆಮೇಲೆ ಇಂಗ್ಲಿಷಿನಲ್ಲಿ ಅವರನ್ನು ಗೇಲಿ ಮಾಡುವ ಮಾತುಗಳು ಎಷ್ಟೋ ಹುಟ್ಟಿದವು. ಕುಡಿದಾಗ ಬರುವ ಧೈರ್ಯಕ್ಕೆ 'ಡಚ್ ಕರೇಜ್' ಅನ್ನುವುದೂ ಅದೇ ಜಾತಿಯದ್ದು. 'ಡಚ್ ಟ್ರೀಟ್' ಮಾತ್ರ 19ನೇ ಶತಮಾನದ ಅಮೆರಿಕದಲ್ಲಿ ಬಳಕೆಗೆ ಬಂದದ್ದು, ಅದರಿಂದ ಮುಂದೆ 'ಗೋ ಡಚ್' ಆಯಿತು. ತುರ್ಕಿಯವರು ಇದಕ್ಕೆ 'ಜರ್ಮನ್ ಪದ್ಧತಿ' ಅಂತಾರಂತೆ. ಜಿಪುಣತನವನ್ನು ಬೇರೆಯವರ ತಲೆಗೆ ಕಟ್ಟುವುದರಲ್ಲಿ ಎಲ್ಲರೂ ಒಂದೇ ಅಲ್ವಾ?

ಬಳಸುವುದಾದರೆ ಆರ್ಡರ್ ಕೊಡುವ ಮೊದಲೇ ಹೇಳಿಬಿಡಿ, 'ಶಲ್ ವಿ ಗೋ ಡಚ್?' ಅಂತ. ಬಿಲ್ ಮೇಜಿಗೆ ಬಂದ ಮೇಲೆ ಹೇಳಿದರೆ, ಟ್ರೀಟ್ ಅಂದುಕೊಂಡು ಬಂದವರ ಮುಖ ನೋಡಲಾಗುವುದಿಲ್ಲ. 'ಒಟ್ಟಿಗೆಯಾ, ಬೇರೆ ಬೇರೆಯಾ?' ಅಂತ ಸಪ್ಲಯರ್ ಕೇಳಿದರೆ ಇನ್ನೂ ಸುಲಭ, ಬೇರೆ ಬೇರೆ ಅಂದರಾಯಿತು. ಯುಪಿಐ ಇರುವಾಗ ಚಿಲ್ಲರೆಯ ನೆಪವೂ ಇಲ್ಲ.

ಮಾವನೋ ದೊಡ್ಡಪ್ಪನೋ ಜೊತೆಗಿದ್ದರೆ ಮಾತ್ರ ಈ ಸುದ್ದಿಯೇ ಬೇಡ. ಕ್ಯಾಶ್ ಕೌಂಟರಿನಲ್ಲಿ 'ಯಾನ್ ಕೊರ್ಪೆ, ಯಾನ್ ಕೊರ್ಪೆ' (ತುಳುವಿನಲ್ಲಿ 'ನಾನು ಕೊಡ್ತೇನೆ') ಅಂತ ಒಬ್ಬರನ್ನೊಬ್ಬರು ತಳ್ಳುತ್ತಿರುವ ಹಿರಿಯರ ಮಧ್ಯೆ ನುಗ್ಗಿ, ನನ್ನ ದೋಸೆಯ ದುಡ್ಡು ಮಾತ್ರ ತಗೊಳ್ಳಿ ಅಂದು ನೋಡಿ, ಮುಂದಿನ ವರ್ಷ ದೈವದ ನೇಮಕ್ಕೆ ಊರಿಗೆ ಹೋದಾಗಲೂ ಅದನ್ನೇ ಎತ್ತಿ ಆಡ್ತಾರೆ.